ಹೆಬ್ಬೆರಳುದ್ದದ ಆನೆಗಳೂ ನನ್ನ ಬಟ್ಟೆ ಟೇಪೂ

ಕನಕಪುರ

ಮೂವತ್ತನಾಲ್ಕು ವರ್ಷ ಜಮೀನು ಅಳೆದವನು ನಾನು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಈ ನಾಲ್ಕು ಕಡೆ ನನ್ನ ಟೇಪು ಬೀಳದ ಬದು ಕಡಿಮೆ. ಅಂಥವನು ಅರವತ್ತೊಂದನೆಯ ವಯಸ್ಸಿನಲ್ಲಿ ಎರಡು ಸ್ವೆಟರು ಹಾಕಿಕೊಂಡು, ವಿಮಾನ ಹತ್ತಿ, ಇಂಗ್ಲೆಂಡಿನ ಉತ್ತರದ ಒಂದು ಮಂಕು ಊರಿಗೆ ಹೋಗಿ, ಗೊಂಬೆ ಸಿಪಾಯಿಗಳ ಯುದ್ಧದಲ್ಲಿ ಭಾಗವಹಿಸಿ ಬಂದೆ ಎಂದರೆ ನೀವು ನಗುತ್ತೀರಿ. ನಗಿ. ಹೋಗುವ ಮುಂಚೆ ನಾನೂ ನಕ್ಕೆ, ಹೋದ ಮೇಲೂ ಒಂದೂವರೆ ದಿನ ನಗುತ್ತಲೇ ಇದ್ದೆ.

ಆದರೆ ನಾನು ಹೋದದ್ದು ಯುದ್ಧ ಮಾಡಲು ಅಲ್ಲ. ಒಂದು ಮಾತನ್ನು ವಾಪಸ್ ತೆಗೆಸಲು.

ನನ್ನ ತಮ್ಮ ನಂಜುಂಡ ಮೊದಲು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದ. ಅವನ ಹೆಂಡತಿ ಸವಿತಾ ನರ್ಸು. ಅವಳಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು, ಇವನೂ ಹಿಂದೆ ಹೋದ. ಈಗ ಅಲ್ಲೊಂದು ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದುವ ಮೆಷಿನ್ ಕಾಯುತ್ತಾನೆ. ಹೋಗುವ ಮುಂಚೆ, ದೊಡ್ಡಆಲಹಳ್ಳಿ ಹತ್ತಿರದ ನಮ್ಮ ಹಿಪ್ಪುನೇರಳೆ ತೋಟ ಪಾಲಾಯಿತು. ಮನೆಯಲ್ಲೇ ಸರ್ವೇಯರ್ ಇರುವಾಗ ಹೊರಗಿನವರು ಯಾಕೆಂದು ನಾನೇ ಅಳೆದೆ. ನನ್ನ ಪಾಲು ಬಯಲು ಕಡೆ, ಅವನ ಪಾಲು ತೋಟದ ಕಡೆ. ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಜಗಳವಿರುವ ಕಡೆ ಟೇಪಿನ ಸೊನ್ನೆಯ ತುದಿಯನ್ನು ಎದುರು ಪಾರ್ಟಿಯ ಕೈಗೆ ಕೊಡಬೇಕು. ಡಬ್ಬಿ ನಮ್ಮ ಕೈಯಲ್ಲಿ. ಆಗ ಯಾರೂ ಅಳತೆಯ ಮೇಲೆ ತಕರಾರು ಮಾಡುವುದಿಲ್ಲ, ನಾನೇ ಹಿಡಿದಿದ್ದೆನಲ್ಲ ಎಂಬ ಸಮಾಧಾನ ಅವರಿಗೆ. ಅವತ್ತು ಸೊನ್ನೆ ಹಿಡಿದವನು ನಂಜುಂಡನೇ.

ಹಿಪ್ಪುನೇರಳೆ ಗಿಡಗಳ ಮೇಲೆ ಟೇಪು ಬಿದ್ದಿತ್ತು. "ಅಣ್ಣ, ಒಸಿ ಬಿಗಿಯಾಗ್ ಎಳಿ," ಅಂದ.

"ಲೇ, ನಂಗೇ ಅಳಿಯೋದ್ ಹೇಳ್ಕೊಡ್ತೀಯೇನ್ಲಾ? ಸುಮ್ಕೆ ಹಿಡ್ಕಂಡ್ ನಿಂತ್ಕೊ," ಅಂದೆ.

ಗಡಿ ಕಲ್ಲು ನೆಟ್ಟಾದ ಮೇಲೆ ಅವನು ಸಾಲು ಎಣಿಸಿದ. ಒಂದು ಸಾಲು ಸೊಪ್ಪು ನನ್ನ ಕಡೆ ಹೋಗಿದೆ ಎಂದ. ಅಕ್ಕಪಕ್ಕದ ತೋಟದವರೆಲ್ಲ ನಿಂತು ನೋಡುತ್ತಿರುವಾಗಲೇ, "ನೀನು ಅಳ್ತೆಗಳ್ಳ ಕಣಣ್ಣ," ಅಂದುಬಿಟ್ಟ. ಲೇತ್ ಓಡಿಸುವವನು ನನಗೆ ಅಳತೆ ಕಲಿಸುವುದು! ಆಮೇಲೆ ಏಳು ವರ್ಷ ನಾವು ಮಾತಾಡಲಿಲ್ಲ. ಆ ಮಾತು ಮಾತ್ರ ನನ್ನ ಜೊತೆ ಮಾಗಡಿಗೂ ಬಂತು, ಹೊಂಗನೂರಿಗೂ ಬಂತು. ಯಾರದೋ ಹೊಲದಲ್ಲಿ ಟೇಪು ಬಿಚ್ಚುವಾಗ ಹಿಂದೆ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೇನೋ ಅನ್ನಿಸುತ್ತಿತ್ತು.

ಏಳು ವರ್ಷದ ಮೇಲೆ ಅವನ ಫೋನ್ ಬಂತು. "ಅಣ್ಣ, ನನ್ ಜೊತೆ ಆಡೋನು ಮಂಡಿ ಆಪರೇಶನ್ ಮಾಡಿಸ್ಕಂಡವ್ನೆ. ಇಬ್ರಿಲ್ದಿದ್ರೆ ಟೂರ್ನಮೆಂಟ್‌ಗೆ ಸೇರ್ಸಕಿಲ್ಲ. ನೀ ಬತ್ತೀಯಾ? ನೀ ಏನೂ ಆಡೋದ್ ಬ್ಯಾಡ, ಅಳುದ್ರೆ ಸಾಕು. ಅಲ್ಲಿ ಎಲ್ಲಾ ಅಳ್ತೆ ಮ್ಯಾಲೇ ನಡಿಯೋದು."

ಅಳತೆಗೆ ಕೊನೆಗೂ ನಾನೇ ಬೇಕಾಯಿತಲ್ಲ! ಹೋಗುತ್ತೇನೆ, ಅವನೆದುರೇ ಅಳೆಯುತ್ತೇನೆ, ಅವನ ಬಾಯಿಂದಲೇ ಆ ಮಾತು ವಾಪಸ್ ತೆಗೆಸುತ್ತೇನೆ ಎಂದು ಹೆಂಡತಿ ಗಿರಿಜಳಿಗೆ ಹೇಳಿದೆ. "ಯುದ್ಧ ಬೇಕಾದ್ರೆ ಮಾಡ್ಕೊಂಡ್ ಬನ್ನಿ, ಜಗ್ಳ ಮಾಡ್ಕೊಂಡ್ ಬರ್ಬೇಡಿ," ಅಂದಳು ಅವಳು. ಚಕ್ಕುಲಿ ಡಬ್ಬದ ಪಕ್ಕ ನನ್ನ ಹಳೆಯ ಬಟ್ಟೆ ಟೇಪು ಇಟ್ಟುಕೊಂಡೆ. ಮೂವತ್ತು ಮೀಟರಿನದು, ಹಿಂಬದಿಯಲ್ಲಿ ಅಡಿ ಇಂಚು, ಚರ್ಮದ ಡಬ್ಬಿ.

ವಿಮಾನ ನಿಲ್ದಾಣ

ಇಂಗ್ಲೆಂಡಿನಲ್ಲಿ ಇಳಿದ ತಕ್ಷಣ ಕಣ್ಣಿಗೆ ಬಿದ್ದದ್ದು ಸಾಲು. ಈ ಜನಕ್ಕೆ ಸಾಲಿನ ಹುಚ್ಚು. ಮುಂದೆ ಏನು ಸಿಗುತ್ತದೆ ಎಂದು ಕೂಡ ಕೇಳದೆ ಹಿಂದೆ ಬಂದು ನಿಲ್ಲುತ್ತಾರೆ. ಕನಕಪುರ ಬಸ್‌ಸ್ಟ್ಯಾಂಡಿನಲ್ಲಿ ಇವರನ್ನು ಬಿಟ್ಟರೆ ಯುಗಾದಿ ಕಳೆದರೂ ಒಂದು ಬಸ್ಸು ಹತ್ತಲಾರರು.

ನನ್ನ ಚೀಲ ಬಿಚ್ಚಿಸಿದರು. ಚಕ್ಕುಲಿಗೆ ತಕರಾರಿಲ್ಲ, ಟೇಪಿಗೂ ಇಲ್ಲ. ಅದರ ಜೊತೆ ರೂಢಿಯ ಮೇಲೆ ಹಾಕಿಕೊಂಡಿದ್ದ ತೂಗುಗುಂಡನ್ನು, ಅಂದರೆ ದಾರದ ತುದಿಗೆ ಕಟ್ಟುವ ಚೂಪು ಮೊನೆಯ ಹಿತ್ತಾಳೆ ಗುಂಡನ್ನು, ಒಬ್ಬ ಅಧಿಕಾರಿಣಿ ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಇದು ಏನು ಎಂದಳು. ಕೋರ್ಟಿನಲ್ಲಿ ಸಾಕ್ಷಿ ಹೇಳಿ ಹೇಳಿ ಕಲಿತ ಇಂಗ್ಲಿಷು ನನ್ನದು. ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ ಎಂದೆ. ಏನು ನೆಟ್ಟಗಿದೆಯೋ ಎಂದಳು. ಯಾವುದಾದರೂ ಎಂದೆ. ಬಂದ ಕಾರಣ ಕೇಳಿದಳು. ನಂಜುಂಡ ಕಳಿಸಿದ್ದ ಆಹ್ವಾನದ ಕಾಗದ ಕೊಟ್ಟೆ. ಮಧ್ಯಯುಗದ ಯುದ್ಧ, ಎರಡು ದಿನ, ಮಧ್ಯಾಹ್ನ ಊಟದ ವ್ಯವಸ್ಥೆ ಇದೆ ಎಂದು ಅದರಲ್ಲಿ ಬರೆದಿತ್ತು. ಅವಳು ಓದಿ, ಒಮ್ಮೆಯೂ ನಗದೆ, ಒಳ್ಳೆಯದಾಗಲಿ ಎಂದು ಗುಂಡನ್ನು ವಾಪಸ್ ಕೊಟ್ಟಳು. ಕೂದಲು ನರೆತವನು ಗೊಂಬೆ ಯುದ್ಧಕ್ಕೆ ಸಮುದ್ರ ದಾಟಿ ಬಂದಿದ್ದಾನೆ ಎಂದರೆ ಒಂದು ನಗು ಬೇಡವೇ? ಇಂಥ ದೇಶವಿದು.

ನಂಜುಂಡನ ಮನೆ

ನಿಲ್ದಾಣಕ್ಕೆ ಬಂದಿದ್ದ ನಂಜುಂಡ ದಪ್ಪಗಾಗಿದ್ದ. ಕಾಲು ಮುಟ್ಟಿದ, ನಾನು ತಲೆ ಮೇಲೆ ಕೈ ಇಟ್ಟೆ. ದಾರಿಯುದ್ದಕ್ಕೂ ಹವಾಮಾನದ ಮಾತು. ಏಳು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಇಂಗ್ಲೆಂಡಿನ ಮಳೆ ತುಂಬಾ ಅನುಕೂಲ, ಅದು ನಿಲ್ಲುವುದೂ ಇಲ್ಲ, ಮುಗಿಯುವುದೂ ಇಲ್ಲ.

ಮನೆಗೆ ಹೋದ ಮೇಲೆ ಅವನ ಸೈನ್ಯ ತೋರಿಸಿದ. ವಿಜಯನಗರ ಕಾಲದ್ದಂತೆ. ಹೆಬ್ಬೆರಳುದ್ದದ ಆನೆ ಆರು, ಅದಕ್ಕಿಂತ ಚಿಕ್ಕ ಕುದುರೆ ಸವಾರರು, ಬಿಲ್ಲಿನವರು, ಎಲ್ಲರನ್ನೂ ಸಣ್ಣ ಸಣ್ಣ ರಟ್ಟಿನ ತುಂಡಿಗೆ ಅಂಟಿಸಿದ್ದಾನೆ. ಲೇತಿನವನ ಕೈ, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಆನೆಯ ಹಣೆಗೆ ಮೂರು ಎಳೆ ವಿಭೂತಿ ಬಳಿದಿದ್ದ. ಕೆಂಪು ಪೇಟದ ಒಬ್ಬ ಸೇನಾಪತಿ.

"ಇವ್ನು ಮಾಗಡಿ ಕಡೆ ಪಾಳೇಗಾರ," ಅಂದ ನಂಜುಂಡ.

"ಪೇಟ ಸುತ್ತಿರೋದು ಮದ್ವೆ ಗಂಡಿನ ಹಂಗೈತೆ," ಅಂದೆ.

ಸವಿತಾ ಅಡುಗೆ ಮನೆಯಿಂದಲೇ ಹೇಳಿದಳು: "ನಾಲ್ಕು ವರ್ಷದಿಂದ ಇದೇ ಭಾವ. ಪ್ರತಿ ಸಲ ಎಲ್ರಿಗಿಂತ ಕೊನೆ. ಒಂದ್ಸಲನಾದ್ರೂ ಒಂದಾಟ ಗೆದ್ಕೊಂಡ್ ಬಂದ್ರೆ ನಾನು ಬದುಕ್ದೆ."

ಸೈನ್ಯ ಇಟ್ಟಿದ್ದ ಷೋಕೇಸಿನ ಮೇಲಿನ ಹಲಗೆ ಖಾಲಿ ಇತ್ತು, ಧೂಳು ಒರೆಸಿ ಇಟ್ಟಿದ್ದರು. ಅದು ಬಹುಮಾನದ ಕಪ್‌ಗೆ ಎಂದು ಯಾರೂ ಹೇಳಲಿಲ್ಲ. ನಲವತ್ತೆಂಟು ವರ್ಷದ ಗಂಡಸು, ಇಬ್ಬರು ಮಕ್ಕಳ ತಂದೆ! ನನಗೆ ನಾಚಿಕೆಯಾಯಿತು. ಇಂಥವನ ಬಾಯಿಂದ ಬಂದ ಮಾತಿಗೆ ಏಳು ವರ್ಷ ನಿದ್ದೆ ಕೆಡಿಸಿಕೊಂಡೆನಲ್ಲ ಎಂದು ಬೇರೆ ಬೇಜಾರು.

ಶನಿವಾರದ ಹಾಲ್

ಊರಿನ ಆಟದ ಹಾಲ್‌ನಲ್ಲಿ ಮೂವತ್ತು ಮೇಜು. ಪ್ರತಿ ಮೇಜಿಗೂ ಹಸಿರು ಬಟ್ಟೆ, ಅದರ ಮೇಲೆ ಸ್ಪಂಜಿನ ಗುಡ್ಡ, ಬ್ರಷ್ಷಿನ ಕೂದಲಿನಂಥ ಕಾಡು. ಸುತ್ತ ಹೊಟ್ಟೆ ಬಂದ ಗಂಡಸರು, ಕೆಲವರು ಹೆಂಗಸರು, ಎಲ್ಲರೂ ಬಗ್ಗಿ ನಿಂತು ಪಿಸುಗುಟ್ಟುತ್ತಿದ್ದರು. ರಾಮನಗರದ ರೇಷ್ಮೆಗೂಡು ಮಾರ್ಕೆಟ್ಟಿನಲ್ಲಿ ಗೂಡು ಅದುಮಿ ನೋಡುವವರ ಗಂಭೀರ ಮುಖವೇ ಇಲ್ಲೂ, ಆದರೆ ಅಲ್ಲಿ ಸಂಜೆಗೆ ಮನೆಗೆ ಏನಾದರೂ ತಗೊಂಡು ಹೋಗುತ್ತಾರೆ.

ಹೊಳೆಯುವ ಮರದ ನೆಲ ನೋಡಿ ನಾನು ಬಾಗಿಲಲ್ಲೇ ಷೂ ಬಿಟ್ಟೆ. ಅರ್ಧ ಗಂಟೆಗೆ ಅವು ಮಾಯ. ಯಾರೋ ಪುಣ್ಯಾತ್ಮರು ಕಳೆದುಹೋದ ಸಾಮಾನಿನ ಪೆಟ್ಟಿಗೆಗೆ ಹಾಕಿ, ಬೀಗ ಹಾಕಿ, ಕೀಲಿ ತಗೊಂಡು ಟೀ ಕುಡಿಯಲು ಹೋಗಿದ್ದರು. ನಮ್ಮಲ್ಲಿ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಕದಿಯುತ್ತಾರೆ, ಒಪ್ಪುತ್ತೇನೆ. ಕಾಪಾಡುವುದಿಲ್ಲ. ಮೊದಲ ಯುದ್ಧವನ್ನು ಗಿರಿಜ ಕೊಟ್ಟ ಬೂದು ಕಾಲುಚೀಲದಲ್ಲೇ ಮಾಡಿದೆ.

ಆಟ ಇಷ್ಟೇ. ಒಂದೊಂದು ಕಡೆ ಇಬ್ಬರು. ನಿನ್ನ ಸೈನ್ಯ ಸರಿಸು, ಅಳೆ, ದಾಳ ಹಾಕು. ಬಾಣ ಹತ್ತು ಇಂಚು ಹೋಗುತ್ತದೆ. ಹತ್ತರೊಳಗೆ ವೈರಿ ಇದ್ದರೆ ದಾಳ ಹಾಕಬಹುದು, ಒಂದು ನೂಲು ಆಚೆ ಇದ್ದರೂ ಇಲ್ಲ. ಅಂದರೆ ಇಡೀ ಯುದ್ಧ ಅಳತೆಯ ಯುದ್ಧ. ಇಂಥ ಆಟ ಆಡುವವರು ಅಳೆಯುವ ಚಂದ ನೋಡಬೇಕು! ಒಬ್ಬ ಪ್ಲಾಸ್ಟಿಕ್ ಕಡ್ಡಿ ಇಡುತ್ತಾನೆ, ಕಡ್ಡಿ ಇಡುವಾಗ ನಾಲ್ಕು ಸಿಪಾಯಿಗಳನ್ನು ಕೆಡವುತ್ತಾನೆ, ಆಮೇಲೆ ಅಂದಾಜಿಗೆ ಎತ್ತಿ ನಿಲ್ಲಿಸುತ್ತಾನೆ. ಇನ್ನೊಬ್ಬ ಕಣ್ಣಳತೆಯಲ್ಲೇ "ಆಗಬಹುದು" ಎನ್ನುತ್ತಾನೆ. ಹೊಂಗನೂರಿನಲ್ಲಿ ಹೀಗೆ ಅಳೆದಿದ್ದರೆ ಅವತ್ತೇ ಹೂವಿನ ಹಾರ ಹಾಕಿ ಹೊರಗೆ ಕಳಿಸುತ್ತಿದ್ದರು.

ಇನ್ನೊಂದು, ಇವರ ಸಾರಿ. ಎದುರಿಗಿದ್ದ ಇಬ್ಬರು ಗಡ್ಡದವರು ನಮ್ಮ ಇಪ್ಪತ್ತು ಕುದುರೆ ಸವಾರರನ್ನು ಕೊಂದು ಸಾರಿ ಎಂದರು. ಒಂದು ಆನೆ ಬೀಳಿಸಿ, ಪಾಪ, ತುಂಬಾ ಚೆನ್ನಾಗಿ ಬಣ್ಣ ಹಾಕಿದ್ದೀರಿ, ಸಾರಿ ಎಂದರು. ಕೊಲ್ಲುವುದಾದರೆ ಕೊಲ್ಲಿ, ಬಿಡುವುದಾದರೆ ಬಿಡಿ, ಮಧ್ಯೆ ಈ ನಾಟಕ ಯಾಕೆ?

ನಾನು ಬಟ್ಟೆ ಟೇಪು ತೆಗೆದೆ. ಮೂವತ್ತು ಮೀಟರಿನ ಟೇಪು, ಆರಡಿ ಮೇಜು. ಪಕ್ಕದ ಮೇಜಿನವರೂ ಬಂದು ನಿಂತರು. ರೂಢಿಯಂತೆ ಸೊನ್ನೆಯ ತುದಿಯನ್ನು ಎದುರಾಳಿಯ ಕೈಗೆ ಕೊಟ್ಟೆ. ಅವನಿಗೆ ಅಷ್ಟು ಸಂತೋಷವಾಯಿತು, ಥ್ಯಾಂಕ್ಯೂ ಎಂದು ಮೂರು ಸಲ ಹೇಳಿದ. ಆಮೇಲೆ ನಮ್ಮ ಮೇಜಿನ ಎಲ್ಲ ಅಳತೆಯೂ ನನ್ನದೇ. ನಮ್ಮ ಬಿಲ್ಲಿನವರು ಹೊಡೆಯುವಾಗ ನಾನು ಅಳೆದೆ, ಒಳಗಿತ್ತು. ಅವರ ಬಿಲ್ಲಿನವರು ಹೊಡೆಯುವಾಗ ಗುಡ್ಡದ ಮೇಲಿಂದ ಟೇಪು ಹಾಸಿ ಅಳೆದೆ, ಕಾಲು ಇಂಚು ಹೊರಗಿತ್ತು. ಗಡ್ಡದವರು ತಲೆದೂಗಿದರು. ಸಾರಿ ಎನ್ನುವ ಸರದಿ ಈಗ ನನ್ನದು, ಆದರೆ ನಾನು ಹೇಳಲಿಲ್ಲ.

ಮೊದಲ ಆಟ ಗೆದ್ದೆವು! ಮಧ್ಯಾಹ್ನ ಇವರು ಕೊಟ್ಟದ್ದು ಸೌತೆಕಾಯಿ ಇಟ್ಟ ತಣ್ಣನೆಯ ಬ್ರೆಡ್ಡು, ಕಾಯಿಲೆಯವರ ಊಟ. ನಾವು ಸವಿತಾ ಕಟ್ಟಿಕೊಟ್ಟ ಚಿತ್ರಾನ್ನ ತಿಂದೆವು. ಎರಡನೆಯ ಆಟವನ್ನೂ ಗೆದ್ದೆವು. ಸಂಜೆ ನಂಜುಂಡ ಕಾರಿನಲ್ಲಿ ಸಣ್ಣಗೆ ಹಾಡಿಕೊಳ್ಳುತ್ತಿದ್ದ. "ಅಣ್ಣ, ನಾಳೆ ಒಂದ್ ಗೆದ್ರೆ ಮೂರ್‌ನೇ ಪ್ರೈಜು ನಮ್ದೇ ಕಣಣ್ಣ. ನಿನ್ ಟೇಪು ಐತಲ್ಲ, ದೇವ್ರಂಥಾದ್ದು." ಇನ್ನು ಆ ಮಾತಿಗೆ ದಾರಿ ಆಯಿತು ಎಂದುಕೊಂಡೆ. ನಾಳೆ ಪ್ರೈಜು ಕೈಗೆ ಬಂದಾಗ, ಎಲ್ಲರೆದುರು, ಕನ್ನಡದಲ್ಲೇ ಕೇಳುತ್ತೇನೆ: ಈಗ ಹೇಳ್ಲಾ, ಯಾರು ಅಳತೆಗಳ್ಳ?

ಭಾನುವಾರದ ಹಾಲ್

ಮೂರನೆಯ ಆಟಕ್ಕೆ ಎದುರು ಕೂತವರು ಗಂಡ ಹೆಂಡತಿ, ಎಪ್ಪತ್ತು ದಾಟಿದವರು. ಗಂಡನ ಹೆಸರು ಪೀಟರ್, ಅವನು ಮಾತಾಡುವುದಿಲ್ಲ. ಹೆಂಡತಿ ಜೋನ್, ಅವಳು ದಾಳವನ್ನೂ ಮಾತಾಡಿಸುತ್ತಾಳೆ. ಬಾ ಮಗಳೇ, ಆರು ಬೀಳು ಎಂದು ಮುದ್ದು ಮಾಡುತ್ತಾಳೆ. ಆರು ಬಿದ್ದರೆ ಅದಕ್ಕೊಂದು ಥ್ಯಾಂಕ್ಯೂ. ಅವಳ ಸೈನ್ಯದಲ್ಲಿ ಉದ್ದ ಬಿಲ್ಲಿನ ಇಂಗ್ಲಿಷ್ ಬಿಲ್ಲುಗಾರರೇ ಹೆಚ್ಚು. ಆ ಬಿಲ್ಲುಗಾರರ ಹಿಂದೆ, ಕಾರಣವೇ ಇಲ್ಲದೆ, ಒಂದು ಕುರಿಮಂದೆಯನ್ನೂ ಅಂಟಿಸಿ ನಿಲ್ಲಿಸಿದ್ದಳು.

ಒಂದು ಗಂಟೆ ಚೆನ್ನಾಗಿ ನಡೆಯಿತು. ಅವಳು ಎರಡು ಸಲ ನಮ್ಮ ಆನೆಗಳಿಗೆ ಗುರಿ ಇಟ್ಟಳು. ಎರಡು ಸಲವೂ ನಾನು ಅಳೆದೆ, ಕೂದಲೆಳೆಯಷ್ಟು ಹೊರಗೆ. ಮೂರನೆಯ ಸಲ ಅವಳ ಬಿಲ್ಲಿನವರು ನೇರ ನಮ್ಮ ಪಾಳೇಗಾರ ಕೂತಿದ್ದ ದೊಡ್ಡ ಆನೆಗೇ ಗುರಿ ಇಟ್ಟರು. ಅಳೆದೆ. ಹತ್ತೂ ಕಾಲು ಎಂದೆ. ಪೀಟರ್ ಮೊದಲ ಬಾರಿಗೆ ಗೊಣಗಿದ. ಅಂಪೈರನ್ನು ಕರೆಯೋಣ ಎಂದು ನಂಜುಂಡನೇ ಎದ್ದ, ಪೀಟರ್ ಅವನ ಜೊತೆ ಹೋದ. ಇಬ್ಬರಿಗೂ ನನ್ನ ಅಳತೆಯನ್ನು ಅಂಪೈರ್ ಪರೀಕ್ಷಿಸಲಿ ಎಂಬ ಆಸೆ, ಒಬ್ಬನಿಗೆ ಭರವಸೆಯಿಂದ, ಇನ್ನೊಬ್ಬನಿಗೆ ಅನುಮಾನದಿಂದ.

ಮೇಜಿನ ಹತ್ತಿರ ನಾನೂ ಜೋನಳೂ ಇಬ್ಬರೇ.

ನಾನೊಮ್ಮೆ ಹಿಡಿದು ನೋಡಲೇ ಎಂದಳು. ಸೊನ್ನೆಯ ತುದಿ ಅವಳ ಕೈಯಲ್ಲೇ ಇತ್ತಲ್ಲ, ಅದನ್ನು ನನಗೆ ಕೊಟ್ಟಳು. ನನ್ನ ಕೈಯಿಂದ ಡಬ್ಬಿ ತಗೊಂಡಳು. ಮೂವತ್ತನಾಲ್ಕು ವರ್ಷದಲ್ಲಿ ಡಬ್ಬಿಯನ್ನು ನನ್ನ ಕೈಯಿಂದ ಯಾರೂ ತಗೊಂಡಿರಲಿಲ್ಲ. ಅವಳು ಎಳೆದಳು. ಸ್ಪಂಜಿನ ಎರಡು ಗುಡ್ಡದ ನಡುವೆ ಜೋತಿದ್ದ ಟೇಪು ಎದ್ದು ನೇರ ನಿಂತಿತು. ಒಂಬತ್ತೂ ಮುಕ್ಕಾಲು.

ಜೋನ್ ದನಿ ತಗ್ಗಿಸಿದಳು. ತಾನು ನಲವತ್ತು ವರ್ಷ ಪರದೆ ಬಟ್ಟೆಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದವಳು ಎಂದಳು. ಗಿರಾಕಿಗಳೆಲ್ಲ ಕತ್ತರಿ ನೋಡುತ್ತಾರೆ, ನಾನು ಅಳೆಯುವವರ ಹೆಬ್ಬೆರಳು ನೋಡುತ್ತೇನೆ ಎಂದಳು. ನಿಮ್ಮ ಬಿಲ್ಲಿನವರ ಸರದಿಯಲ್ಲಿ ನಿಮ್ಮ ಹೆಬ್ಬೆರಳು ಟೇಪನ್ನು ಬಿಗಿ ಮಾಡುತ್ತದೆ, ನಮ್ಮವರ ಸರದಿಯಲ್ಲಿ ಸಡಿಲ ಬಿಡುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ ಎಂದಳು. ಆಮೇಲೆ, ನಿಮ್ಮನ್ನು ನೋಯಿಸಿದೆನೇನೋ, ಸಾರಿ ಎಂದಳು.

ಅವಳ ಸಾರಿಗೆ ನನಗೆ ನಗು ಬರಲಿಲ್ಲ. ಒಂದು ಪಕ್ಷ ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಟೇಪನ್ನು ನೋಡಿದೆ. ಕಣ್ಣ ಮುಂದೆ ಬಂದದ್ದು ದೊಡ್ಡಆಲಹಳ್ಳಿಯ ತೋಟ. ಬಯಲು ಕಡೆ ನನ್ನ ಪಾಲು ಅಳೆಯುವಾಗ ಟೇಪು ತಂತಿಯಂತೆ ನಿಂತಿತ್ತು. ತೋಟದೊಳಗೆ ಅವನ ಪಾಲು ಅಳೆಯುವಾಗ ಗಿಡಗಳ ಮೇಲೆ ಎದ್ದು ಬಿದ್ದು ಹಾವಿನಂತೆ ಹೋಗಿತ್ತು. ಜೋತ ಟೇಪು ಅಳತೆಯನ್ನು ಹೆಚ್ಚು ತೋರಿಸುತ್ತದೆ, ನೆಲ ಕಡಿಮೆ ಸಿಗುತ್ತದೆ. ಇದು ನಮ್ಮ ಕಸುಬಿನಲ್ಲಿ ಮೊದಲ ದಿನದ ಪಾಠ. ಒಸಿ ಬಿಗಿಯಾಗ್ ಎಳಿ ಅಂದಿದ್ದ ಅವನು. ಕೇಳಿಸಿತ್ತು. ಕೇಳಿಸಿಕೊಂಡೇ ಬಾಯಿ ಮುಚ್ಚಿಸಿದ್ದೆ. ಅವತ್ತು ನನಗೆ ಗೊತ್ತಿರಲಿಲ್ಲ ಎಂದು ಜೋನಳಿಗೆ ಹೇಳಬಹುದಿತ್ತು, ನನಗೆ ನಾನು ಹೇಳಿಕೊಳ್ಳಲು ಆಗಲಿಲ್ಲ.

ಅಂಪೈರ್ ಬಂದ, ಹಿಂದೆ ನಂಜುಂಡ, ಪೀಟರ್.

"ಅಳಿಯೋದ್ ಬ್ಯಾಡ," ಅಂದೆ ನಂಜುಂಡನಿಗೆ. ಅಂಪೈರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಇದು ಹತ್ತರೊಳಗಿದೆ, ನನ್ನ ಟೇಪು ಜೋತಿತ್ತು. ಹಿಂದಿನ ಎರಡು ಬಾಣವೂ ಒಳಗೇ ಇದ್ದವು, ಅವನ್ನೂ ಈಗ ಹೊಡೆಯಲಿ. ಮೂವರೂ ನನ್ನನ್ನೇ ನೋಡಿದರು. ಜೋನ್ ತನ್ನ ಕುರಿಗಳನ್ನು ಸರಿಪಡಿಸುತ್ತಿದ್ದಳು, ಹೆಬ್ಬೆರಳಿನ ಸುದ್ದಿ ಎತ್ತಲಿಲ್ಲ. ನಿನ್ನೆಯ ಎರಡು ಆಟದ ಬಗ್ಗೆ ನಾನೂ ಬಾಯಿ ಬಿಡಲಿಲ್ಲ. ಅಷ್ಟೊಂದು ಸತ್ಯಸಂಧ ನಾನಲ್ಲ.

ಜೋನ್ ಮೂರು ಸಲ ದಾಳ ಹಾಕಿದಳು, ಅವಳ ಆ ದಾಳದ ಮಗಳು ಮೂರು ಸಲವೂ ಮಾತು ಕೇಳಿದಳು. ಬಾಣ ತಿಂದ ಆನೆಗಳು ನಿಯಮದಂತೆ ಹಿಂದಕ್ಕೆ ತಿರುಗಿ ನಮ್ಮ ಬಿಲ್ಲಿನವರನ್ನೇ ತುಳಿದುಕೊಂಡು ಹೋದವು. ಪಾಳೇಗಾರ ಪೇಟ ಸಮೇತ ಡಬ್ಬ ಸೇರಿದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮೂರನೆಯ ಪ್ರೈಜು ಹೋಯಿತು. ಬಹುಮಾನದ ಕಪ್ ಜೋನಳ ಕೈಗೆ ಹೋಯಿತು, ಅವಳು ಅದಕ್ಕೂ ಥ್ಯಾಂಕ್ಯೂ ಎಂದಳು.

ನಂಜುಂಡ ಒಂದೊಂದೇ ಆನೆಯನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದ. ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ.

ರೈಲು ನಿಲ್ದಾಣ

ಮಂಗಳವಾರ ಬೆಳಿಗ್ಗೆ ನನ್ನನ್ನು ವಿಮಾನ ನಿಲ್ದಾಣದ ರೈಲು ಹತ್ತಿಸಲು ಬಂದ. ರೈಲು ಐದು ನಿಮಿಷ ತಡ. ಅಷ್ಟಕ್ಕೇ ಪ್ಲಾಟ್‌ಫಾರ್ಮಿನ ಜನವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ನಮ್ಮಲ್ಲಿ ಐದು ನಿಮಿಷ ತಡವಾದ ಗಾಡಿಗೆ ಬೇಗ ಬಂತು ಎಂದು ಹೇಳುತ್ತೇವೆ. ಇದನ್ನು ನಂಜುಂಡನಿಗೆ ಹೇಳಿದೆ. ಅವನು ನಗಲಿಲ್ಲ, ಬೇರೆ ಏನೋ ಹೇಳಲು ಮಾತು ಕೂಡಿಸುತ್ತಿದ್ದ.

"ಅಣ್ಣ, ಮೂರ್‌ನೇ ಪ್ರೈಜ್ ಕೈಯಾಗಿತ್ತು. ಅಂಪೈರೂ ಇನ್ನ ಅಳ್ದಿರ್ಲಿಲ್ಲ. ನೀನೇ ನಮ್ಗೆ ವಿರುದ್ಧ ಹೇಳ್ಬುಟ್ಟೆ."

"ಹೂಂ."

"ಗೊಂಬೆ ಆಟ್ದಾಗೇ ಹಿಂಗ್ ಅಳಿಯೋನು, ಒಡ್ಹುಟ್ಟಿದೋನ್ ತೋಟ್ದಾಗೆ ಮೋಸ ಮಾಡ್ತಾನಾ? ಏಳ್ ವರ್ಷ ನಿನ್ ಮ್ಯಾಲೆ ಹಲ್ ಕಡ್ಕಂಡಿದ್ದೆ ಕಣಣ್ಣ." ಅವನ ಕಣ್ಣು ತುಂಬಿತ್ತು. "ಅವತ್ತು ತೋಟ್ದಾಗೆ ಆಡಿದ್ ಮಾತ ವಾಪಸ್ ತಗತೀನಿ. ತಪ್ಪಾಯ್ತು."

ಇದಕ್ಕಾಗಿ ನಾನು ಎರಡು ಸ್ವೆಟರು ಹಾಕಿಕೊಂಡು ಸಮುದ್ರ ದಾಟಿದ್ದೆ. ಏಳು ವರ್ಷದಿಂದ ಈ ಒಂದು ವಾಕ್ಯವನ್ನು ಕನಸಿನಲ್ಲಿ ನೂರು ಸಲ ಕೇಳಿಸಿಕೊಂಡಿದ್ದೆ. ಪ್ರತಿ ಸಲವೂ ನಾನು ದೊಡ್ಡ ಮನಸ್ಸು ಮಾಡಿ, ಹೋಗ್ಲಿ ಬಿಡ್ಲಾ ಎನ್ನುತ್ತಿದ್ದೆ. ಈಗಲೂ ಹಾಗೆ ಅಂದಿದ್ದರೆ ಮುಗಿಯುತ್ತಿತ್ತು. ಅವನಿಗೂ ಸಮಾಧಾನ, ಗಿರಿಜಳಿಗೂ ಸಂತೋಷ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ರೈಲು ಬಂತು, ಜನ ಸಾಲು ನಿಂತರು, ನನ್ನ ಹಿಂದೆ ಒಬ್ಬಳು ಸಾರಿ ಎಂದಳು.

"ವಾಪಸ್ ತಗಬ್ಯಾಡ ಕಣ್ಲಾ," ಅಂದೆ. "ಆ ಮಾತು ನಿನ್ ಹತ್ರಾನೇ ಇರ್ಲಿ."

ಅವನಿಗೆ ಅರ್ಥವಾಗಲಿಲ್ಲ. ಚೀಲದಿಂದ ಚರ್ಮದ ಡಬ್ಬಿ ತೆಗೆದು ಅವನ ಕೈಗೆ ಇಟ್ಟೆ, ಬೆರಳು ಮಡಿಸಿದೆ.

"ಯುಗಾದಿಗೆ ಊರಿಗ್ ಬಾ. ಕಲ್ ಕಿತ್ತು ಇನ್ನೊಂದ್ಸಲ ಅಳಿಯಣ. ಸೊನ್ನೆ ನಾನ್ ಹಿಡ್ಕತೀನಿ, ಡಬ್ಬಿ ನೀನ್ ಹಿಡ್ಕ. ಗಿಡದ್ ಮ್ಯಾಲೆ ಬೀಳ್ದಂಗೆ ಬಿಗಿಯಾಗ್ ಎಳಿ."